ಹಿಂದಿನವರು ಮುಂದಿನವರ ಹಾಲು ಮೂಸಬೇಕು

ಏನೇನು ಎಡವಟ್ಟಾಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದೋ ಒಂದು ಮನೆಯ ಹುಳಿ ಹಾಲು ನನ್ನ ಕಣ್ಣು ತಪ್ಪಿಸಿ, ಕಣ್ಣೇನು ಬಂತು, ಮೂಗು ತಪ್ಪಿಸಿ ಕೂಲರಿಗೆ ಬಿದ್ದು ಊರಿನ ಹಾಲೆಲ್ಲ ಒಡೆಯಬಹುದಿತ್ತು. ಬೆಳಿಗ್ಗೆ ಬರುವ ಟ್ಯಾಂಕರ್ ಡ್ರೈವರ್ ಮುಚ್ಚಳ ಎತ್ತಿ ಮೂಸಿ, ಮಾತಾಡದೆ ಪೈಪು ಸುತ್ತಿಕೊಂಡು ಹೊರಟುಹೋಗಬಹುದಿತ್ತು. ಅಷ್ಟೂ ಹಾಲನ್ನು ಡೇರಿಯ ಹಿಂದಿನ ಚರಂಡಿಗೆ ಬಿಡುವಾಗ ಊರಿನ ಹೆಂಗಸರು ಸಾಲಾಗಿ ನಿಂತು ನೋಡಬಹುದಿತ್ತು. ಬೈದರೆ ಹೇಗೋ ತಡೆದುಕೊಳ್ಳಬಹುದು, ಬೈಯದೆ ಸುಮ್ಮನೆ ನೋಡಿದರೆ ಏನು ಮಾಡುವುದು? ಅಧ್ಯಕ್ಷರು ಕೈ ಚಾಚಿ ಬೀಗದ ಕೈ ಕೇಳಬಹುದಿತ್ತು. ಮನೆಯಲ್ಲಿ ಗ್ಯಾಸ್ ಸೋರುತ್ತಿರುವಾಗ ನಾನು ನೆಮ್ಮದಿಯಾಗಿ ಕಡ್ಡಿ ಗೀರಬಹುದಿತ್ತು. ಹಳಸಿದ ಸಾರನ್ನು ಚೆನ್ನಾಗಿದೆಯೆಂದು ಎರಡು ಸಲ ಹಾಕಿಸಿಕೊಂಡು ಆಸ್ಪತ್ರೆ ಸೇರಬಹುದಿತ್ತು. ಮೂಗಿನ ಹಿಂದೆ ಎಲ್ಲೋ ಒಂದು ಗಡ್ಡೆ ಬೆಳೆದು ಮಿದುಳಿನ ಕಡೆ ಹೊರಟಿರಬಹುದಿತ್ತು. ಗಡ್ಡೆ ಇಲ್ಲವೆಂದಾದರೆ ನರ ಸತ್ತಿರಬಹುದಿತ್ತು. ನರ ಸತ್ತಿಲ್ಲವೆಂದಾದರೆ ನನಗೆ ಹುಚ್ಚು ಹಿಡಿದಿರಬಹುದಿತ್ತು.

ಇವೆಲ್ಲವನ್ನೂ ನಾನು ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವಿನ ಬಿಡುವಿನಲ್ಲಿ ಒಂದೊಂದಾಗಿ, ಏನನ್ನೂ ಬಿಡದೆ, ಮನಸ್ಸಿನಲ್ಲೇ ಅನುಭವಿಸಿ ಮುಗಿಸಿದ್ದೇನೆ. ನಿಜವಾಗಿ ಆಗಿದ್ದು ಬೇರೆ, ತೀರಾ ಸಣ್ಣದು. ಅದು ಕೊನೆಗೆ.

ಶಾಂತಿಗ್ರಾಮದ ಹತ್ತಿರ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗಿರುವ ನಮ್ಮೂರಿನ ಹಾಲಿನ ಡೇರಿಗೆ ನಾನು ಸೆಕ್ರೆಟರಿ. ಕೆಲಸ ಕೇಳುವುದಕ್ಕೆ ಸುಲಭ. ಹಾಲು ತಂದವರು ಕ್ಯಾನನ್ನು ಕಟ್ಟೆಯ ಮೇಲೆ ಇಡುತ್ತಾರೆ. ನಾನು ಮುಚ್ಚಳ ತೆಗೆದು ಆ ಕ್ಷಣದಲ್ಲೇ ಮೂಸುತ್ತೇನೆ. ಮುಚ್ಚಳ ತೆಗೆದಾಗ ಏಳುವ ಮೊದಲ ಉಸಿರಿನಲ್ಲಿ ಮಾತ್ರ ಹಾಲು ನಿಜ ಹೇಳುತ್ತದೆ, ತಡ ಮಾಡಿದರೆ ಅದು ಗಾಳಿಗೆ ಹೋಗುತ್ತದೆ. ಆಮೇಲೆ ಒಂದು ಸೌಟು ಹಾಲು ಟೆಸ್ಟರ್ ಕೈಗೆ. ಅವನ ಯಂತ್ರ ಫ್ಯಾಟು ಎಷ್ಟು, ಗಟ್ಟಿತನದ ಡಿಗ್ರಿ ಎಷ್ಟು ಎಂದು ಹೇಳುತ್ತದೆ. ನಂತರ ಅಳತೆ, ಜರಡಿ, ಕೊನೆಗೆ ಎಲ್ಲರ ಹಾಲೂ ಒಂದಾಗುವ ಕೂಲರ್ ಟ್ಯಾಂಕು.

ನೀರು ಬೆರೆಸಿದ್ದರೆ ಯಂತ್ರ ಹಿಡಿಯುತ್ತದೆ. ಆದರೆ ಹಾಲು ಹುಳಿಗೆ ತಿರುಗುವ ಮುಂಚಿನ ಗಳಿಗೆ, ಸರಿಯಾಗಿ ಒಣಗದ ಕ್ಯಾನಿನ ಮುಗ್ಗಲು, ಡೀಸೆಲ್ ಪಂಪು ಮುಟ್ಟಿ ಬಂದು ಕರೆದ ಕೈ, ಇವು ಯಂತ್ರದ ಲೆಕ್ಕಕ್ಕಿಲ್ಲ. ಅದಕ್ಕೆ ಮೂಗು ಬೇಕು. ನಮ್ಮ ಡೇರಿಯಲ್ಲಿ ಇದ್ದದ್ದು ಎರಡೇ ಮೂಗು. ನಮ್ಮ ಟೆಸ್ಟರ್ ನಸ್ಯ ಏರಿಸುವವನು. ಅವನ ಮೂಗು ಎಂದೋ ನಿವೃತ್ತಿಯಾಗಿ ಈಗ ಸೀನುವುದಕ್ಕೆ ಮಾತ್ರ ಉಳಿದಿತ್ತು. ಇನ್ನೊಂದು ನನ್ನದು. ಸಾಲಿನ ಕೊನೆಗೆ ನಮ್ಮ ಮನೆಯ ಹಾಲು ಬೀಳುತ್ತದೆ. ಸೆಕ್ರೆಟರಿ ತನ್ನ ಹಾಲನ್ನು ಮುಂದೆ ಹಾಕಿಕೊಂಡರೆ ಅಧಿಕಾರ ತೋರಿಸಿದ ಹಾಗೆ ಎಂದು ಹಿಂದಿನಿಂದ ಬಂದ ಪದ್ಧತಿ.

ನೆಗಡಿ ಬಂತು. ಮನೆಯಲ್ಲಿ ಇಬ್ಬರಿಗೂ ಬಂತು. ಹೆಂಡತಿಗೆ ಬಂದದ್ದು ಹೋಯಿತು. ನನಗೆ ನೆಗಡಿ ಹೋಯಿತು, ಹೋಗುವಾಗ ಒಂದನ್ನು ಜೊತೆಗೆ ಕರೆದುಕೊಂಡು ಹೋಯಿತು. ಗೊತ್ತಾದದ್ದು ಊಟಕ್ಕೆ ಕೂತಾಗ. ಹುರುಳಿಕಟ್ಟಿನ ಸಾರು, ಬಿಸಿ ಮುದ್ದೆ. ಒಂದು ತುತ್ತು ನುಂಗಿದೆ. ಬಿಸಿ ಇತ್ತು, ಉಪ್ಪಿತ್ತು, ಖಾರ ನಾಲಿಗೆಗೆ ಚುರ್ರೆಂದಿತು. ಸಾರು ಮಾತ್ರ ಇರಲಿಲ್ಲ.

"ಇದಕ್ಕೆ ಒಗ್ಗರಣೆ ಹಾಕಿಲ್ವಾ?" ಎಂದೆ.

"ಬೆಳ್ಳುಳ್ಳಿ ಸುಲಿದು ಸುಲಿದು ಉಗುರೆಲ್ಲ ಉರೀತಾವೆ, ಒಗ್ಗರಣೆ ಹಾಕಿಲ್ವಂತೆ!" ಎಂದು ಹೆಂಡತಿ ಎದ್ದು ಬಂದು, ಒಂದು ಎಸಳು ಬೆಳ್ಳುಳ್ಳಿ ಜಜ್ಜಿ ನನ್ನ ಮೂಗಿನ ಕೆಳಗೆ ಹಿಡಿದಳು. ನಾನು ಎಳೆದುಕೊಂಡೆ. ಇನ್ನೊಮ್ಮೆ ಎಳೆದುಕೊಂಡೆ. ಗಾಳಿ ಬಂತು.

ಅವಳ ಮುಖ ನೋಡಿದೆ. ನಗಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದಳು.

"ಯಾರ್ಗೂ ಹೇಳ್ಬೇಡ ಕಣೆ" ಎಂದೆ.

"ಯಾರ್ಗ್ ಹೇಳ್ಲಿ? ನಮ್ಮೆಜಮಾನ್ರ ವಾಸ್ನೆ ಕಳದೋಗೈತೆ, ಹುಡುಕ್ಕೊಡಿ ಅಂತ ಸ್ಟೇಷನ್ನಿಗೆ ಹೋಗಿ ಬರ್ಸ್ಲಾ?"

ಅವಳಿಗೆ ತಮಾಷೆ. ನನಗೆ ಹೊಳೆನರಸೀಪುರದ ಕಡೆಯಿಂದ ಬಂದಿದ್ದ ಒಂದು ಸುದ್ದಿ ನೆನಪಾಯಿತು, ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟೆ. ಅಲ್ಲಿ ಯಾವುದೋ ಊರಲ್ಲಿ ಒಂದು ಮನೆಯ ಕೆಟ್ಟ ಹಾಲು ಗೊತ್ತಾಗದೆ ಸೇರಿ ಇಡೀ ಟ್ಯಾಂಕು ವಾಪಸಾಯಿತಂತೆ. ಊರು ಎರಡು ಪಾರ್ಟಿಯಾಯಿತಂತೆ. ಸೆಕ್ರೆಟರಿ ಈಗ ಡೇರಿ ಮುಂದಿನ ದಾರಿ ಬಿಟ್ಟು ಹೊಲದ ಮೇಲೆ ಸುತ್ತಿಕೊಂಡು ಓಡಾಡುತ್ತಾನಂತೆ. ಆ ಸೆಕ್ರೆಟರಿಗೆ ಮೂಗು ಸರಿಯಾಗಿತ್ತು ಎಂಬುದು ನನ್ನನ್ನು ಇನ್ನಷ್ಟು ಹೆದರಿಸಿತು.

ಮಾರನೆಯ ಬೆಳಿಗ್ಗೆಯಿಂದ ನಾಟಕ ಶುರು. ಮುಚ್ಚಳ ತೆಗೆಯುವುದು, ಬಗ್ಗುವುದು, ಹುಬ್ಬು ಗಂಟಿಕ್ಕುವುದು, ಹೂಂ ಎನ್ನುವುದು. ಇಷ್ಟು ವರ್ಷ ಮೂಸಿದವನಿಗೆ ನಟನೆ ಕಷ್ಟವಾಗಲಿಲ್ಲ, ಮೊದಲಿಗಿಂತ ಚೆನ್ನಾಗಿಯೇ ಮೂಸುತ್ತಿದ್ದೆ ಎನ್ನಬೇಕು. ಆದರೆ ಮೂಸಿದ ಮೇಲೂ ಹಾಲಿನ ವಿಷಯ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೆ ಸ್ಪಿರಿಟ್ ದೀಪ ಹಚ್ಚಿದೆ. ಗಾಜಿನ ಕೊಳವೆಗೆ ಸ್ವಲ್ಪ ಹಾಲು ಹಾಕಿ ಕುದಿಸಿದರೆ, ಹುಳಿಯಾಗುತ್ತಿರುವ ಹಾಲು ಗಾಜಿನ ಗೋಡೆಗೆ ಕಾಳು ಕಾಳಾಗಿ ಅಂಟುತ್ತದೆ. ಅನುಮಾನ ಬಂದ ಹಾಲಿಗೆ ಮಾತ್ರ ಮಾಡುವ ಪರೀಕ್ಷೆ ಅದು. ಮೂಗಿಲ್ಲದವನಿಗೆ ಎಲ್ಲರ ಹಾಲೂ ಅನುಮಾನವೇ. ಹಾಗಾಗಿ ಎಲ್ಲರದ್ದನ್ನೂ ಕುದಿಸತೊಡಗಿದೆ.

ಇದ್ದದ್ದು ಒಂದೇ ದೀಪ. ಸಾಲು ಡೇರಿಯ ಮೆಟ್ಟಿಲಿಳಿದು ರಸ್ತೆ ದಾಟಿ ಅರಳಿಕಟ್ಟೆ ಮುಟ್ಟಿತು. ಬಿಸಿಲು ಏರಿತು. ಮುಂದಿನವರ ಹಾಲು ಕೆಟ್ಟಿದೆಯೋ ಎಂದು ನಾನು ನೋಡುತ್ತ ಕೂತಿದ್ದರೆ ಹಿಂದಿನವರ ಹಾಲು ಸಾಲಿನಲ್ಲೇ ನಿಂತು ಕೆಡುವ ಹಾಗಾಯಿತು.

"ಏನ್ ಸೆಕ್ರೆಟ್ರಣ್ಣ, ಡೇರಿ ಮುಚ್ಚಿ ಟೀ ಅಂಗ್ಡಿ ತಗುದ್ರಾ?" ಎಂದು ಯಾರೋ ಸಾಲಿನಿಂದ ಕೂಗಿದರು. "ಕುದಿಸಿದ್ದೇ ಆಯ್ತು, ಒಂಚೂರು ಸಕ್ರೆನೂ ಆಕ್ಬುಡಿ!"

"ಮೇಲಿಂದ ಆರ್ಡರ್ ಬಂದದೆ" ಎಂದು ಸುಳ್ಳು ಹೇಳಿದೆ. ಆರ್ಡರ್ ಎಂದರೆ ನಮ್ಮಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಎಷ್ಟು ದಿನ?

ಅಷ್ಟರಲ್ಲಿ ಫೋನಿನಲ್ಲಿ ಓದಬಾರದ್ದನ್ನೆಲ್ಲ ಓದಿ ಮುಗಿಸಿದ್ದೆ. ಹಾಸನಕ್ಕೆ ಹೋಗಿ ಕಿವಿ-ಮೂಗು-ಗಂಟಲಿನ ಡಾಕ್ಟರ ಮುಂದೆ ಕೂತೆ. ಸಣ್ಣ ವಯಸ್ಸಿನ ಹೆಣ್ಣುಮಗಳು, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ.

"ಏನು ಕೆಲಸ ಮಾಡ್ತೀರಿ?"

"ಹಾಲು ಮೂಸ್ತೀನಿ ಮೇಡಂ."

ಅವರು ನಗಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಕಣ್ಣು ಮುಚ್ಚಿಸಿ ನಾಲಿಗೆಯ ಮೇಲೆ ಒಂದೊಂದು ತೊಟ್ಟು ಬಿಟ್ಟರು. ಉಪ್ಪು, ಸಿಹಿ, ಹುಳಿ, ಕಹಿ, ನಾಲ್ಕನ್ನೂ ಸರಿಯಾಗಿ ಹೇಳಿದೆ. ಆಮೇಲೆ ಮೂಗಿನ ಹತ್ತಿರ ಏನೋ ಹಿಡಿದರು. ಏನೂ ಇಲ್ಲ ಎಂದೆ. ಕಣ್ಣು ಬಿಟ್ಟರೆ ಕಾಫಿಪುಡಿ ಡಬ್ಬ. ಇನ್ನೊಂದು ಹಿಡಿದರು, ಅದೂ ಇಲ್ಲ; ಅದು ಸೋಪು.

"ನಾಲಿಗೆ ನೆಟ್ಟಗಿದೆ. ಹೋಗಿರೋದು ಮೂಗು ಮಾತ್ರ. ಊಟದ ರುಚಿ ಅಂತ ನಾವು ಅಂದುಕೊಳ್ಳೋದರಲ್ಲಿ ಬಹುಪಾಲು ಮೂಗಿನ ಕೆಲಸ. ಬಾಯಲ್ಲಿ ಅಗಿಯುವಾಗ ವಾಸನೆ ಹಿಂದಿನಿಂದ ಮೂಗಿಗೆ ಏರುತ್ತೆ. ಅದು ನಿಂತುಹೋದರೆ ಸಾರಿನಲ್ಲಿ ಉಳಿಯೋದು ಉಪ್ಪು, ಹುಳಿ, ಖಾರ."

"ಗಡ್ಡೆ ಏನಾದ್ರೂ..."

"ಫೋನಲ್ಲಿ ಓದಿದ್ರಾ?"

"ಸ್ವಲ್ಪ."

"ಸ್ವಲ್ಪ ಓದಿದ ಮುಖ ಅಲ್ಲ ಇದು" ಎಂದು ಅವರು ಸಣ್ಣ ಕ್ಯಾಮೆರಾ ಕೊಳವೆಯನ್ನು ಮೂಗಿನೊಳಗೆ ಬಿಟ್ಟು ನೋಡಿದರು. ಗಡ್ಡೆ ಇರಲಿಲ್ಲ, ದುರ್ಮಾಂಸ ಬೆಳೆದಿರಲಿಲ್ಲ. ನೆಗಡಿಯ ವೈರಸ್ಸು ವಾಸನೆ ಹಿಡಿಯುವ ಜಾಗಕ್ಕೆ ಪೆಟ್ಟು ಕೊಟ್ಟಿದೆ, ಅದು ನಿಧಾನವಾಗಿ ಮತ್ತೆ ಚಿಗುರಬೇಕು ಎಂದರು. ಕೆಲವರಿಗೆ ವಾರಗಳಲ್ಲಿ ಬರುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಆಗುತ್ತದೆ, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಈ ಮೂರರಲ್ಲಿ ನನ್ನ ಕಿವಿಗೆ ಬಿದ್ದದ್ದು ಮೂರನೆಯದು ಮಾತ್ರ.

"ನಾಲಿಗೆ ಸರಿಯಾಗೈತಲ್ಲ ಮೇಡಂ, ಹಾಲನ್ನ ನೆಕ್ಕಿ ನೋಡ್ಬಹುದಾ?"

"ಊರಿನವರೆಲ್ಲರ ಹಸಿ ಹಾಲು ನೆಕ್ಕಿ ಇನ್ನೊಂದು ಕಾಯಿಲೆ ತಂದ್ಕೊಬೇಡಿ. ಉಪ್ಪುನೀರಲ್ಲಿ ಮೂಗು ತೊಳೀರಿ, ಈ ಸ್ಪ್ರೇ ಹಾಕಿ. ಮೂಗಿಗೆ ಪಾಠ ಹೇಳಿಕೊಡಬೇಕು. ಲವಂಗ, ನಿಂಬೆ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ, ದಿನಾ ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೆಲ್ಲಗೆ ಮೂಸಿ. ಮೂಸುವಾಗ ಆ ವಾಸನೆ ಮೊದಲು ಹೇಗಿತ್ತು ಅಂತ ನೆನಪು ಮಾಡ್ಕೊಳ್ಳಿ. ಮನೇಲಿ ಗ್ಯಾಸಿನ ವಿಷಯ, ಹಳೆ ಅಡುಗೆ ವಿಷಯ ಬೇರೆಯವರನ್ನ ಕೇಳಿ. ಮತ್ತೆ, ಡೇರೀಲಿ ಹೇಳಿದೀರಾ?"

"ಹೇಳ್ಬೇಕು."

"ಹೇಳಿ" ಎಂದರು. ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ.

ಪಾಠವನ್ನು ಮಾತ್ರ ಚಾಚೂ ತಪ್ಪದೆ ಮಾಡಿದೆ. ಮನೆಯೊಳಗೆ ಕಣ್ಣು ಮುಚ್ಚಿ ಲವಂಗ ಮೂಸುತ್ತ ಕೂತರೆ ಹೆಂಡತಿ ಒಲೆ ಮುಂದೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಅದಕ್ಕೆ ನಾಲ್ಕು ಸೀಸೆಗಳನ್ನೂ ಕೊಟ್ಟಿಗೆಯ ಗೋಡೆಗೂಡಿಗೆ ಸಾಗಿಸಿದೆ. ಹಾಲಿನ ಕ್ಯಾನು ಒರೆಸುವ ಬಟ್ಟೆ ಇಡುವ ಗೂಡು ಅದು. ಲವಂಗ ಮೂಸಿದರೆ ಏನೂ ಇಲ್ಲ. ನಿಂಬೆ ಇಲ್ಲ. ಗುಲಾಬಿ ಇಲ್ಲ. ನೀಲಗಿರಿ ಮಾತ್ರ ಮೂಗಿಗೆ ತಣ್ಣಗೆ ಚುಚ್ಚಿತು. ಬಂತು ಬಂತು ಎಂದು ಡಾಕ್ಟರಿಗೆ ಫೋನು ಮಾಡಿದೆ. "ಅದು ವಾಸನೆ ಅಲ್ಲ, ಉರಿ. ಅದರ ನರವೇ ಬೇರೆ" ಎಂದರು. ಹಸು ನನ್ನ ಕಡೆ ತಿರುಗಿ ನೋಡುತ್ತ ಮೆಲುಕು ಹಾಕುತ್ತಿತ್ತು.

ಹೇಳದೆ ಉಳಿಸಿಕೊಂಡದ್ದು ಒಂದು ಸಂಜೆ ತಾನಾಗಿ ಹೊರಬಿತ್ತು.

ಊರಲ್ಲಿ ಇಬ್ಬರು ವಾರಗಿತ್ತಿಯರಿದ್ದಾರೆ, ಅಣ್ಣತಮ್ಮಂದಿರ ಹೆಂಡಿರು. ಪಾಲಾದ ಮೇಲೆ ಹೊಲದ ನಡುವಿನ ಬದು ಯಾರದು, ಬದುವಿನ ಹುಲ್ಲು ಯಾರದು ಎಂದು ಶುರುವಾದ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮಾತು ಬಿಟ್ಟಿದ್ದಾರೆ ಎಂದರೆ ಒಬ್ಬರಿಗೊಬ್ಬರು ನೇರವಾಗಿ ಮಾತಾಡುವುದಿಲ್ಲ ಎಂದಷ್ಟೇ. ಗಾಳಿಗೆ, ಎಮ್ಮೆಗೆ, ನನಗೆ ಹೇಳುವಂತೆ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಆ ಸಂಜೆ ಸಾಲಿನಲ್ಲಿ ದೊಡ್ಡಾಕೆಯ ಹಿಂದೆಯೇ ಚಿಕ್ಕಾಕೆ ನಿಂತಿದ್ದಳು.

ದೊಡ್ಡಾಕೆ ಕ್ಯಾನಿಟ್ಟಳು. ನಾನು ಮುಚ್ಚಳ ತೆಗೆದು ಮೂಸಿದೆ, ಹೂಂ ಎಂದೆ. ಕುದಿಸಿದೆ, ಒಡೆಯಲಿಲ್ಲ. ಯಂತ್ರವೂ ಸರಿಯೆಂದಿತು. ಕ್ಯಾನನ್ನು ಎತ್ತಿ ಜರಡಿಯ ಮೇಲೆ ಬಗ್ಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಚಿಕ್ಕಾಕೆ ಕೂಗಿದಳು.

"ತಡ್ಯಣ್ಣ, ತಡ್ಯಣ್ಣ! ಅದ್ಯಾಕೆ ಅಂಗೆ ಆಸ್ಪತ್ರೆ ವಾಸ್ನೆ ಒಡೀತಾ ಅದೆ?"

ದೊಡ್ಡಾಕೆ ಅವಳ ಕಡೆ ತಿರುಗಲಿಲ್ಲ. ನನಗೆ ಹೇಳಿದಳು, "ನೋಡಣ್ಣ, ಕೆಲವ್ರ ಮೂಗೂ ಸೊಟ್ಟಗೇ ಇರ್ತದೆ, ಅವ್ರ ಬುದ್ಧಿಯಂಗೆ. ಸುರ್ಕೊಳಿ ನೀವು."

"ಸುರ್ಕೊಳ್ಲಿ ಸುರ್ಕೊಳ್ಲಿ. ಊರ್ನೋರೆಲ್ಲಾರ ಆಲು ಆಳಾಗೋಗ್ಲಿ. ನಂಗೇನು?"

"ಸೆಕ್ರೆಟ್ರಣ್ಣ ಮೂಸವ್ರೆ. ಮೂಸಿ ಏನೂ ಅಂದಿಲ್ಲ. ಅವ್ರಿಗಿಂತ ಎಚ್ಗೆ ತಿಳ್ದೋರು ಯಾರು ಇಲ್ಲಿ?"

"ಅಂಗಾದ್ರೆ ಅಣ್ಣನೇ ಯೋಳ್ಲಿ. ಇನ್ನೊಂದ್ಸಲ ಮೂಸಿ ಯೋಳ್ಲಿ. ಐತೋ ಇಲ್ವೋ?"

ಸಾಲು ಮುರಿದು ಎಲ್ಲರೂ ಸುತ್ತ ಸೇರಿದರು. ನಾನು ಮತ್ತೆ ಬಗ್ಗಿದೆ. ಮೂಗನ್ನು ಕ್ಯಾನಿನ ಬಾಯಿಗೆ ಇಟ್ಟು ಎದೆ ತುಂಬ ಎಳೆದುಕೊಂಡೆ. ಏನೂ ಇರಲಿಲ್ಲ. ಹಾಲಿನ ಬಿಸಿ ಮೂಗಿನ ತುದಿಗೆ ತಗುಲಿತು, ಅಷ್ಟೇ. ತಲೆ ಎತ್ತಿದರೆ ಅಷ್ಟೂ ಜನ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಟೆಸ್ಟರ್ ಕಡೆ ನೋಡಿದೆ. ಅವನು ನಸ್ಯದ ಡಬ್ಬಿ ಜೇಬಿಗೆ ಸೇರಿಸಿ ಯಂತ್ರವನ್ನು ಒರೆಸುತ್ತಿದ್ದ.

ಇಲ್ಲವೆಂದರೆ, ಚಿಕ್ಕಾಕೆಯ ಮಾತು ನಿಜವಾಗಿದ್ದರೆ, ಟ್ಯಾಂಕು ಹೋಯಿತು. ಇದೆ ಎಂದರೆ, ಮಾತು ಬಿಟ್ಟವಳ ಬಾಯಿಮಾತನ್ನು ನಂಬಿ ಒಂದು ಮನೆಯ ಒಳ್ಳೆಯ ಹಾಲನ್ನು ಊರ ಮುಂದೆ ವಾಪಸ್ ಕಳಿಸಿದ ಹಾಗಾಯಿತು. ಟ್ಯಾಂಕು ಹೋದರೆ ಕೆಲಸ ಹೋಗುತ್ತದೆ. ಎರಡನೆಯದಾದರೆ ಕೆಲಸ ಉಳಿಯುತ್ತದೆ, ಆದರೆ ನಾಳೆಯಿಂದ ದೊಡ್ಡಾಕೆಯ ಕ್ಯಾನಿನ ಮುಚ್ಚಳ ತೆಗೆಯಲು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಜೀವಮಾನದಲ್ಲಿ ಎಲ್ಲದಕ್ಕೂ ಮುಂಚೆಯೇ ಹೆದರಿಟ್ಟುಕೊಳ್ಳುವ ನನಗೆ ಈ ಒಂದು ಗಳಿಗೆಗೆ ಮಾತ್ರ ತಯಾರಿ ಇರಲಿಲ್ಲ.

"ನಂಗೆ ಗೊತ್ತಿಲ್ಲ" ಎಂದೆ.

"ಗೊತ್ತಿಲ್ಲ ಅಂದ್ರೆ?"

"ವಾಸ್ನೆ ಬತ್ತಿಲ್ಲ ಕಣ್ರವ್ವ ನಂಗೆ. ನೆಗಡಿ ಬಂದು ಹೋದಾಗಿಂದ. ಬೆಳ್ಳುಳ್ಳಿ ಜಜ್ಜಿ ಹಿಡುದ್ರೂ ಇಲ್ಲ."

ಟೆಸ್ಟರ್ ಸೀನಿದ.

"ಅಂಗಾದ್ರೆ ಇಷ್ಟ್ ದಿನ ಕ್ಯಾನ್ ಒಳೀಕೆ ಮೂತಿ ಇಕ್ಕೊಂಡು ಮಾಡ್ತಿದ್ದೇನಣ್ಣ?" ಎಂದು ಚಿಕ್ಕಾಕೆ ಕೇಳಿದಳು.

"ನಾಟ್ಕ ಕಣವ್ವ."

ಯಾರೋ ಕಿಸಕ್ಕೆಂದರು. ಆಗ ದೊಡ್ಡಾಕೆ ಮುಂದೆ ಬಂದು, ತನ್ನ ಕ್ಯಾನಿಗೆ ತಾನೇ ಬಗ್ಗಿ ಮೂಸಿದಳು. ಬಗ್ಗಿದವಳು ಸ್ವಲ್ಪ ಹೊತ್ತು ಹಾಗೇ ಇದ್ದಳು. ತಲೆ ಎತ್ತಿದಾಗ ಮುಖ ಬೇರೆಯಾಗಿತ್ತು.

"ಸೊಸೆ ನೆಲ ಒರ್ಸಕ್ಕೆ ಫಿನಾಯ್ಲು ಕಲ್ಸಿದ್ಲು" ಎಂದಳು, ಯಾರಿಗೂ ಅಲ್ಲ, ಹಾಲಿಗೆ ಹೇಳುವಂತೆ. "ಆಲ್ ಕರಿಯೋ ಚೊಂಬಲ್ಲೇ ಕಲ್ಸವ್ಳೇನೋ." ಮುಚ್ಚಳ ಹಾಕಿ ಕ್ಯಾನು ಎತ್ತಿಕೊಂಡು ಮನೆ ಕಡೆ ಹೊರಟಳು. ಚಿಕ್ಕಾಕೆ ಗೆದ್ದ ಮುಖ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು ತನ್ನ ಕ್ಯಾನನ್ನು ಕಟ್ಟೆಗೆ ಇಟ್ಟಳು.

ಯಂತ್ರ ಸರಿಯೆಂದ ಹಾಲು, ದೀಪ ಸರಿಯೆಂದ ಹಾಲು. ಇಡೀ ಟ್ಯಾಂಕನ್ನು ಉಳಿಸಿದ್ದು ಹಿಂದೆ ನಿಂತಿದ್ದವಳ ಮೂಗು. ಅದನ್ನು ನೋಡಿಯೇ ನನ್ನ ಬಾಯಿಂದ ಬಂತು: "ಇನ್ಮೇಲೆ ಹಿಂದಿನವರು ಮುಂದಿನವರ ಹಾಲು ಮೂಸ್ಬೇಕು. ಮೂಸಿ ಸರಿ ಅಂದ್ರೆ ನಾನು ಸುರಿಯೋದು."

"ಅಂಗಾದ್ರೆ ನಿಮ್ಗೆ ಸಂಬ್ಳ ಯಾಕಣ್ಣ?" ಎಂದಿತು ಒಂದು ದನಿ.

"ಹೆದರಿಕೊಳ್ಳೋಕೆ" ಎಂದೆ. ಅದು ನಿಜವೂ ಆಗಿತ್ತು.

ಮಾರನೆಯ ಬೆಳಿಗ್ಗೆಗೆ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತ್ತು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಬೇವಿನ ಕಡ್ಡಿ, ಡೇರಿ ಬಾಗಿಲಲ್ಲೇ ನಿಂತರು.

"ಏನಯ್ಯಾ, ಮೂಗಿಲ್ವಂತೆ ನಿಂಗೆ?"

"ಮೂಗೈತೆ ಗೌಡ್ರೇ. ವಾಸ್ನೆ ಇಲ್ಲ."

"ಎರಡೂ ಒಂದೇಯ. ಕಣ್ಣಿಲ್ದೋನು ಬಸ್ ಓಡ್ಸಂಗಾಯ್ತಲ್ಲಯ್ಯಾ."

"ಪಕ್ಕದಲ್ಲಿ ಕೂತೋರು ದಾರಿ ಹೇಳ್ತಾವ್ರೆ."

ಅವರು ಬೇವಿನ ಕಡ್ಡಿಯನ್ನು ಬಾಯಿಯ ಇನ್ನೊಂದು ಬದಿಗೆ ತಳ್ಳಿದರು. "ನೋಡು, ನೀನು ಕೆಟ್ಟೋನಲ್ಲ. ಹಂಗಂತ ಊರ್ ಹಾಲು ನಿನ್ ಮೂಗ್ ವಾಸಿ ಆಗ್ಲಿ ಅಂತ ಕಾಯ್ಕೊಂಡ್ ಕೂರಕ್ಕಾಗಕಿಲ್ಲ. ಹೊಳೆನರ್ಸೀಪುರದ ಕಡೆ ಆಗಿದ್ದು ಗೊತ್ತಲ್ಲ? ನಡೆಸ್ಕೊಂಡು ಹೋಗು. ಟ್ಯಾಂಕು ಒಂದೇ ಒಂದ್ಸಲ ವಾಪಸ್ ಬರ್ಲಿ, ಬೀಗದ ಕೈ ಇಲ್ಲಿ ನೇತಾಕ್ಬುಟ್ಟು ಮನೆಗೆ ಹೊಂಟೋಗ್ತಾ ಇರು."

ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಹೆದರುವಷ್ಟು ನಾನು ಬೇರೆ ಯಾವುದಕ್ಕೂ ಹೆದರುವುದಿಲ್ಲ.

ಹೊಸ ಪದ್ಧತಿ ಮೊದಲ ದಿನಗಳಲ್ಲಿ ಜಾತ್ರೆಯಾಯಿತು. ಊರಿನವರಿಗೆ ಪಕ್ಕದ ಮನೆಯ ಹಾಲು ಮೂಸುವ ಅಧಿಕಾರ ಸಿಕ್ಕರೆ ಏನಾಗಬೇಕೋ ಅದೆಲ್ಲ ಆಯಿತು. ಒಬ್ಬ ಮುಂದಿನವನ ಹಾಲಿಗೆ ಬೀಡಿ ವಾಸನೆ ಎಂದ. ನೋಡಿದರೆ ಬೀಡಿ ಇದ್ದದ್ದು ಅವನ ಬೆರಳಲ್ಲೇ. ಇನ್ನೊಬ್ಬಳು ಮೂಸಿ, "ಆಲೇನೋ ಸರಿ, ಇವ್ರ ಮನೇಲಿ ನಿನ್ನೆ ಮೀನ್ ಸಾರು" ಎಂದು ಘೋಷಿಸಿದಳು. ಆಗ ನಿಯಮಗಳ ಮೇಲೆ ನಿಯಮ. ಬೀಡಿ ಸೇದಿದವರು, ಎಲೆಅಡಿಕೆ ಹಾಕಿದವರು ಮೂಸುವಂತಿಲ್ಲ, ಅವರ ಹಿಂದಿನವರು ಮೂಸಬೇಕು. ಸಾಲಿನ ಕೊನೆಯವರದನ್ನು ಅವರ ಮುಂದೆ ಹಾಕಿದವರು ನಿಂತು ಮೂಸಬೇಕು. ಕೆಟ್ಟಿದೆ ಎಂದರೆ ಇನ್ನಿಬ್ಬರು ಮೂಸಿ ಒಪ್ಪಬೇಕು. ಒಪ್ಪಿದರೆ ನಾನು ದೀಪ ಹಚ್ಚಿ ಕುದಿಸುತ್ತೇನೆ. ಹಾಲಿನ ವಾಸನೆ ಬಿಟ್ಟು ಮನೆಯ ವಿಷಯ ಹೇಳುವಂತಿಲ್ಲ. ಈ ಕೊನೆಯದನ್ನು ಮಾತ್ರ ಯಾರೂ ಪಾಲಿಸಲಿಲ್ಲ.

ಸಾಲು ಮಾತ್ರ ಅರಳಿಕಟ್ಟೆಯಿಂದ ಹಿಂದೆ ಸರಿದು ಮೆಟ್ಟಿಲಿಗೆ ಬಂತು.

ನನ್ನ ನಿಜವಾದ ಪರೀಕ್ಷೆ ಬೆಳಿಗ್ಗೆ, ಟ್ಯಾಂಕರ್ ಬಂದಾಗ. ಡ್ರೈವರ್ ಕೂಲರಿನ ಮುಚ್ಚಳ ಎತ್ತಿ ಬಗ್ಗುವಾಗ ನಾನು ಅವನ ಮೂಗಿನ ಹೊಳ್ಳೆಗಳನ್ನೇ ನೋಡುತ್ತ ಉಸಿರು ಹಿಡಿದು ನಿಲ್ಲುತ್ತಿದ್ದೆ. ಹೊಳ್ಳೆ ಒಂದಿಷ್ಟು ಅಗಲವಾದರೂ ನನ್ನ ಕಣ್ಣ ಮುಂದೆ ಚರಂಡಿ, ಸಾಲು ನಿಂತ ಹೆಂಗಸರು, ಬೀಗದ ಕೈ.

"ಯಾಕಣ್ಣ ದಿನಾ ನನ್ ಮೊಕ ಹಿಂಗ್ ನೋಡ್ತೀಯಾ?" ಎಂದ ಅವನು ಒಂದು ದಿನ. "ಹೆಣ್ ನೋಡಕ್ ಬಂದೋರಂಗೆ? ನಂಗೆ ಮದ್ವೆ ಆಗೈತೆ ಕಣಣ್ಣ."

ತಿಂಗಳು ಕಳೆದ ಮೇಲೆ ಒಂದು ದಿನ ಅಳತೆಯ ಯಂತ್ರದ ರಿಪೇರಿಗೆಂದು ಚನ್ನರಾಯಪಟ್ಟಣಕ್ಕೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಇದ್ದಕ್ಕಿದ್ದಂತೆ ಮೂಗಿಗೆ ಏನೋ ಹೊಡೆಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ತಲೆ ತಿರುಗುವಷ್ಟು. ವಾಸನೆ ಬಂತಲ್ಲ ಎಂದು ಸಂತೋಷಪಡಬೇಕಾದವನು ಎದ್ದು ನಿಂತು ಕೂಗಿಬಿಟ್ಟೆ, "ಕಂಡಕ್ಟ್ರೇ, ನಿಲ್ಸಿ! ವೈರ್ ಸುಡ್ತಾ ಐತೆ!" ಬಸ್ಸು ನಿಂತಿತು. ಎಲ್ಲರೂ ಮೂಸಿದರು. ಡ್ರೈವರ್ ಇಳಿದು ಎಂಜಿನ್ ಕಡೆ ಹೋಗಿ ಬಂದ. ಸುಡುತ್ತಿದ್ದದ್ದು ಏನೂ ಇರಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡಿತ್ತು, ಅಷ್ಟೇ. ಅದು ಫ್ಲಾಸ್ಕನ್ನು ಅವುಚಿಕೊಂಡು, "ಒಂದ್ ಗುಟುಕು ಕೊಡು ಅಂದಿದ್ರೆ ಕೊಡ್ತಿರ್ಲಿಲ್ವಾ ಮಗ, ಬಸ್ ಯಾಕ್ ನಿಲ್ಲುಸ್ದೆ?" ಎಂದಿತು.

ಡಾಕ್ಟರಿಗೆ ಫೋನು ಮಾಡಿದರೆ ಅವರಿಗೆ ಖುಷಿ. ನರಗಳು ಮತ್ತೆ ಬೆಳೆಯುವಾಗ ತಂತಿ ತಪ್ಪು ತಪ್ಪಾಗಿ ಜೋಡಣೆಯಾಗುತ್ತದಂತೆ. ಒಳ್ಳೆಯ ವಾಸನೆಯೂ ಕೆಟ್ಟದಾಗಿ ಬರುತ್ತದಂತೆ. ಅದು ಒಳ್ಳೆಯ ಲಕ್ಷಣವಂತೆ, ಪಾಠ ಬಿಡಬೇಡಿ ಎಂದರು. ಒಳ್ಳೆಯ ಲಕ್ಷಣದ ಕಾಲ ಬಹಳ ಕೆಟ್ಟದಾಗಿತ್ತು. ಕಾಫಿ ಪ್ಲಾಸ್ಟಿಕ್ಕು, ಈರುಳ್ಳಿ ಒಗ್ಗರಣೆ ಕೊಳೆತ ಎಲೆ. ತಟ್ಟೆ ಮುಂದೆ ಕೂತವನು ತಿನ್ನದೆ ಏಳುತ್ತಿದ್ದೆ. ಹೆಂಡತಿ ತಮಾಷೆ ಬಿಟ್ಟಳು. ಒಗ್ಗರಣೆ ಇಲ್ಲದೆ, ತಣ್ಣಗೆ ಮಾಡಿ, ಮೊಸರನ್ನ, ನಿಂಬೆಹಣ್ಣು, ಹುರಿದ ಕಡ್ಲೇಬೀಜ ಕೊಟ್ಟಳು. ಹುಳಿ ನಾಲಿಗೆಗೆ ಗೊತ್ತಾಗುತ್ತದೆ, ಕಡ್ಲೇಬೀಜ ಹಲ್ಲಿಗೆ ಗೊತ್ತಾಗುತ್ತದೆ. ಹಾಗೆ ಊಟ ಒಳಗೆ ಹೋಯಿತು.

ಸಾಲಿನಲ್ಲಿ ಎಂದೋ ಆಗಬೇಕಾಗಿದ್ದು ಈ ದಿನಗಳಲ್ಲೇ ಆಯಿತು. ಚಿಕ್ಕಾಕೆ ಮುಂದೆ, ದೊಡ್ಡಾಕೆ ಹಿಂದೆ. ಫಿನಾಯಿಲಿನ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದು ಸಾಲೆಲ್ಲ ಕತ್ತು ಚಾಚಿತು. ಕೆಟ್ಟಿದೆ ಎಂದು ದೊಡ್ಡಾಕೆ ಸುಳ್ಳು ಹೇಳಿದರೆ ಇಡೀ ಪದ್ಧತಿ ಅಲ್ಲಿಗೆ ಮುರಿದುಬೀಳುತ್ತದೆ. ನಾಳೆಯಿಂದ ಹಗೆಯಿದ್ದವರೆಲ್ಲ ಮೂಗು ಮುರಿಯುತ್ತಾರೆ.

ದೊಡ್ಡಾಕೆ ಬಗ್ಗಿದಳು. ನಿಧಾನವಾಗಿ ಮೂಸಿದಳು. ತಲೆ ಎತ್ತಿ ನನಗೆ ಹೇಳಿದಳು, "ಸುರೀರಣ್ಣ. ಆಲು ಚೆನ್ನಾಗೈತೆ." ಚಿಕ್ಕಾಕೆ ಉಸಿರು ಬಿಡುವಷ್ಟರಲ್ಲಿ ಸೇರಿಸಿದಳು, "ಚೆನ್ನಾಗಿಲ್ದೆ ಏನು? ನಮ್ ಬದಿನ ಉಲ್ಲು ತಿಂದಿರೋ ಅಸ."

ಅರಳಿಕಟ್ಟೆಯ ತನಕ ನಗು ಹೋಯಿತು. ಚಿಕ್ಕಾಕೆಯೂ ನಕ್ಕಳೆಂದು ಟೆಸ್ಟರ್ ಹೇಳುತ್ತಾನೆ. ನಾನು ನೋಡಲಿಲ್ಲ, ಹಾಲು ಸುರಿಯುತ್ತಿದ್ದೆ. ಮುಂದೇನೋ ಎಂದು ಹೆದರದೆ ಸುರಿದದ್ದು ಎಷ್ಟೋ ದಿನಗಳ ಮೇಲೆ ಅದೇ ಮೊದಲು.

ಅಲ್ಲಿಂದ ಮುಂದೆಯೂ ಟ್ಯಾಂಕು ಒಂದು ಸಲವೂ ವಾಪಸ್ ಬರಲಿಲ್ಲ. ಗ್ಯಾಸ್ ಸೋರಲಿಲ್ಲ, ಗಡ್ಡೆ ಬೆಳೆಯಲಿಲ್ಲ, ಬೀಗದ ಕೈ ನನ್ನ ಉಡಿದಾರದಲ್ಲೇ ಉಳಿಯಿತು. ಕೊಟ್ಟಿಗೆಯ ಪಾಠದಲ್ಲಿ ಮೊದಲು ಲವಂಗ ಬಂತು, ದೂರದ ಮನೆಯಿಂದ ಯಾರೋ ಕೂಗಿದ ಹಾಗೆ. ಆಮೇಲೆ ನಿಂಬೆ. ಗುಲಾಬಿ ಒಂದು ದಿನ ಇದ್ದರೆ ಒಂದು ದಿನ ಇಲ್ಲ. ನೀಲಗಿರಿ ಮಾತ್ರ ಬರಲಿಲ್ಲ, ಸೀಸೆಗೇ ಮೂಗಿಟ್ಟರೆ ಆ ತಣ್ಣನೆಯ ಚುಚ್ಚು, ಅಷ್ಟೇ. ಸಾಲಿನ ಪದ್ಧತಿಯನ್ನು ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೂ ಊರಿನವರು ಬಿಡುತ್ತಿರಲಿಲ್ಲ.

ಇನ್ನು ಆ ಸಣ್ಣ ವಿಷಯ.

ಹೆಂಡತಿ ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಅರಕಲಗೂಡಿಗೆ ಹೋಗಿದ್ದಳು. ಮನೆಯಲ್ಲಿ ಹಾಲು ಕರೆಯುವುದು, ಕ್ಯಾನು ಒರೆಸುವುದು ಅವಳ ಕೆಲಸ. ಆ ಬೆಳಿಗ್ಗೆ ನಾನೇ ಕರೆದೆ. ಗೂಡಿಗೆ ಕೈ ಹಾಕಿ ಬಟ್ಟೆ ತೆಗೆದರೆ ಒಂದು ಮೂಲೆ ಒದ್ದೆ ಅನ್ನಿಸಿತು. ಗೋಡೆ ಜಿನುಗಿರಬೇಕು ಎಂದುಕೊಂಡೆ. ಪಕ್ಕದಲ್ಲಿ ಸೀಸೆಯೊಂದು ಅಡ್ಡ ಬಿದ್ದಿತ್ತು, ನೆಟ್ಟಗೆ ನಿಲ್ಲಿಸಿದೆ. ಕ್ಯಾನಿನ ಒಳಗೆಲ್ಲ ಆ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಹೆಂಡತಿ ಇಲ್ಲದಾಗ ಕೆಲಸ ಕೆಟ್ಟಿತು ಅನ್ನಿಸಿಕೊಳ್ಳಬಾರದೆಂದು ಎರಡು ಸಲ ಒರೆಸಿದೆ.

ಸಾಲು ಮುಗಿಯಿತು. ಜನ ಹೊರಟರು. ಪಶು ಆಹಾರದ ಮೂಟೆಗೆ ಕಾಯುತ್ತಿದ್ದ ವಾರಗಿತ್ತಿಯರಿಬ್ಬರು ಮಾತ್ರ ಬಾಗಿಲ ಆಚೆ ಒಬ್ಬಳು, ಈಚೆ ಒಬ್ಬಳು ಕೂತಿದ್ದರು. ನಾನು ನನ್ನ ಕ್ಯಾನಿನ ಮುಚ್ಚಳ ತೆಗೆದು ಜರಡಿಯ ಕಡೆ ಎತ್ತಿದೆ.

"ಅಣ್ಣ, ನಿಮ್ ಇಂದೆ ಯಾರವ್ರೆ?" ಎಂದಳು ದೊಡ್ಡಾಕೆ.

"ಯಾರೂ ಇಲ್ಲ. ನಂದೇ ಕೊನೆ."

"ಅಂಗಾದ್ರೆ ನಿಮ್ ಆಲು ಮೂಸೋರ್ಯಾರು?"

ಕ್ಯಾನು ಹಿಡಿದ ಕೈ ಅಲ್ಲೇ ನಿಂತಿತು. ಇಷ್ಟು ದಿನ, ಇಷ್ಟು ನಿಯಮ, ಇಷ್ಟು ಭಯ. ಈ ಒಂದು ಮಾತು ನನ್ನ ತಲೆಗೆ ಬಂದೇ ಇರಲಿಲ್ಲ. ಅವಳು ಎದ್ದು ಬಂದು ಬಗ್ಗಿದಳು. ಬಗ್ಗಿದಷ್ಟೇ ಬೇಗ ಹಿಂದೆ ಸರಿದಳು.

"ಇದೇನಣ್ಣ, ಅಸುಗೆ ನೆಗ್ಡಿ ಮುಲಾಮ್ ಅಚ್ಚಿದ್ರಾ?" ಎಂದವಳು ಬಾಗಿಲ ಆಚೆಗೆ ತಿರುಗಿದಳು. "ಲೇ, ಬಾ ಇಲ್ಲಿ. ನೀನೂ ಮೂಸು."

ಚಿಕ್ಕಾಕೆ ಬಂದು ಮೂಸಿದಳು. "ಊಂ ಕಣಕ್ಕ. ನೀಲ್ಗಿರಿ ಎಣ್ಣೆ" ಎಂದಳು.

ಎಷ್ಟೋ ವರ್ಷಗಳ ಮೇಲೆ ಅವರಿಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ಇಬ್ಬರು ಮೂಸಿ ಒಪ್ಪಿದ್ದರು. ಮೂರನೆಯವನು ನಾನು, ಮೂಸಿದೆ, ಏನೂ ಇರಲಿಲ್ಲ. ನನ್ನ ನಿಯಮ, ನನ್ನ ಹಾಲು. ಮುಚ್ಚಳ ಹಾಕಿದೆ.

ಮನೆಗೆ ತಂದು, ಚೆಲ್ಲುವುದೇಕೆಂದು, ಒಂದು ಬಟ್ಟಲಿಗೆ ಹಾಕಿ ಕರುವಿನ ಮುಂದೆ ಇಟ್ಟೆ. ಕರು ಮೂಸಿ ನೋಡಿತು. ನನ್ನನ್ನು ನೋಡಿತು. ಮುಖ ತಿರುಗಿಸಿತು.